ಕಪಾಟಿನ ನಾಯಕರು ಮತ್ತು ಒಂದು ಕವಾಟ

ಕಳಕ್ಕೂಟಂನಲ್ಲಿ ನಾನು ದುಡಿಯುವ ಕೇಂದ್ರ ಸರಕಾರಿ ಕಚೇರಿಯ ಗ್ರಂಥಾಲಯಕ್ಕೆ ವರ್ಷಕ್ಕೊಮ್ಮೆ ಒಂದಿಷ್ಟು ಹಣ ಬರುತ್ತದೆ. ಮಾರ್ಚಿನೊಳಗೆ ಖರ್ಚಾಗದಿದ್ದರೆ ಹಿಂದಿರುಗುತ್ತದೆ. ಈ ಸಲದ ಆಯ್ಕೆ ಸಮಿತಿಯಲ್ಲಿ ನಾನೂ ಇದ್ದೆ. ಪಟ್ಟಿಯಲ್ಲಿ ನಾಯಕತ್ವದ ಪುಸ್ತಕಗಳು ಇಪ್ಪತ್ತೆರಡು, ವಸ್ತುವಿನ್ಯಾಸದವು ಎರಡು. ಹಣ ಸಾಲದೆಂದು ಆ ಎರಡನ್ನೇ ಹೊಡೆದುಹಾಕಲಾಯಿತು. "ಡಿಸೈನೆಲ್ಲ ಟೆಕ್ನೋಪಾರ್ಕಿನವರಿಗೆ, ನಮಗೇಕೆ ಸಾರ್?" ಎಂಬುದು ಸಮಿತಿಯ ವಾದ. ಆ ವಾದ ತಪ್ಪೆಂದು ಇಲ್ಲಿ ಹೇಳಹೊರಟಿದ್ದೇನೆ.

ಕನ್ನಡದಲ್ಲಿ ನಾಯಕನೆಂದರೆ ಮುಂದಾಳು. ಕಾವ್ಯದ ಕಥಾಪುರುಷನೂ ಹೌದು. ನಾಯಕತ್ವದ ಪುಸ್ತಕಗಳು ಬದುಕುವುದು ಈ ಎರಡು ಅರ್ಥಗಳ ಗೊಂದಲದಲ್ಲಿ. ಗೆದ್ದ ಕಂಪನಿಯೊಂದನ್ನು ಹಿಡಿದು, ಅದರ ಯಜಮಾನನ ಗುಣಗಳೇ ಗೆಲುವಿಗೆ ಕಾರಣವೆಂದು ಸಾರುವುದು ಅವುಗಳ ಧಾಟಿ. ಜಿಮ್ ಕಾಲಿನ್ಸ್ 2001ರ 'ಗುಡ್ ಟು ಗ್ರೇಟ್' ಕೃತಿಯಲ್ಲಿ ಹನ್ನೊಂದು ಕಂಪನಿಗಳನ್ನು ಮಾದರಿಯಾಗಿ ನಿಲ್ಲಿಸಿದರು. ಅವುಗಳಲ್ಲೊಂದಾದ ಸರ್ಕಿಟ್ ಸಿಟಿ 2008ರಲ್ಲಿ ದಿವಾಳಿಯೆದ್ದಿತು. ಇನ್ನೊಂದಾದ ಫ್ಯಾನಿ ಮೇ ಅದೇ ವರ್ಷ ಅಮೆರಿಕ ಸರಕಾರದ ಸುಪರ್ದಿಗೆ ಹೋಯಿತು. ಪಂಪನೂ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಾಗಿಸಿದ. ಆದರೆ ಸೋತ ಕರ್ಣನಿಗೂ ಮನಸ್ಸು ಕೊಟ್ಟ. ಆದ್ದರಿಂದಲೇ ಅದು ಕಾವ್ಯವಾಯಿತು. ನಮ್ಮ ಕಪಾಟಿನ ಇಪ್ಪತ್ತೆರಡರಲ್ಲಿ ಅರ್ಜುನರಷ್ಟೇ ಇದ್ದಾರೆ.

"ತುಂಬಾದ ಮಗ್ಗುಲಲ್ಲೇ ಕೂತು ನಾಯಕತ್ವವನ್ನು ಜರೆಯುತ್ತೀರಾ?" ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಒಪ್ಪತಕ್ಕ ಪ್ರಶ್ನೆ. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ಬಂಗಾಳ ಕೊಲ್ಲಿಗೆ ಬಿದ್ದಾಗ ಇಸ್ರೋ ಅಧ್ಯಕ್ಷ ಸತೀಶ್ ಧವನ್ ಪತ್ರಕರ್ತರೆದುರು ಸೋಲಿನ ಹೊಣೆಯನ್ನು ತಾವೇ ಹೊತ್ತರು. ಮರುವರ್ಷ ಜುಲೈ 18ರಂದು ಗೆದ್ದಾಗ ಕಲಾಂ ಅವರನ್ನು ಮುಂದೆ ಬಿಟ್ಟರು. ಕಲಾಂ ಈ ಪ್ರಸಂಗವನ್ನು ಮತ್ತೆ ಮತ್ತೆ ನೆನೆದಿದ್ದಾರೆ. ಧವನರ ದೊಡ್ಡತನವನ್ನು ನಾನು ಅಲ್ಲಗಳೆಯಲಾರೆ. ಆದರೆ ರಾಕೆಟ್ಟನ್ನು ಬೀಳಿಸಿದ್ದು ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯ ಒಂದು ಕವಾಟ. ಅದು ಸರಿಯಾಗಿ ಮುಚ್ಚಿಕೊಳ್ಳದೆ ಆಮ್ಲ ಸೋರಿತು. ಧವನರ ಮಾತು ಎಂಜಿನಿಯರುಗಳನ್ನು ಉಳಿಸಿತು. ಆ ಎಂಜಿನಿಯರುಗಳು ಕವಾಟದ ದೋಷವನ್ನು ಹುಡುಕಿ ತಿದ್ದಿದ್ದರಿಂದ ರಾಕೆಟ್ ಹಾರಿತು. ತರಬೇತಿ ಶಿಬಿರಗಳಲ್ಲಿ ಮೊದಲರ್ಧವನ್ನು ಹತ್ತು ಸಲ ಕೇಳಿದ್ದೇನೆ, ಎರಡನೆಯದನ್ನು ಒಮ್ಮೆಯೂ ಇಲ್ಲ.

ಇನ್ನು "ನಮಗೇಕೆ" ಎಂಬ ಮಾತು. ದೇಶದಲ್ಲಿ ವಿದ್ಯುನ್ಮಾನ ಮತಯಂತ್ರ ಮೊದಲು ಬಳಕೆಯಾದದ್ದು ಇದೇ ಕೇರಳದ ಪರವೂರಿನಲ್ಲಿ, 1982ರಲ್ಲಿ, 50 ಮತಗಟ್ಟೆಗಳಲ್ಲಿ. ಕಾನೂನಿನ ಆಧಾರವಿಲ್ಲವೆಂದು 1984ರಲ್ಲಿ ಸುಪ್ರೀಂ ಕೋರ್ಟ್ ಆ ಮತದಾನವನ್ನು ರದ್ದುಮಾಡಿತು. ಆಮೇಲೆ ಕಾನೂನೇ ತಿದ್ದುಪಡಿಯಾಯಿತು. ಇಂದು ಈ ಯಂತ್ರಗಳನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನ ಬಿಇಎಲ್. ಚುನಾವಣಾ ಕರ್ತವ್ಯಕ್ಕೆ ಹೋದ ನಮಗೆಲ್ಲ ಅದು ಗೊತ್ತು. ಹೆಸರು, ಚಿಹ್ನೆ, ಪಕ್ಕದಲ್ಲೇ ಗುಂಡಿ. ಒಮ್ಮೆ ಒತ್ತಿದರೆ ಅಧಿಕಾರಿ ಮತ್ತೆ ಅನುಮತಿಸುವವರೆಗೆ ಯಂತ್ರ ಇನ್ನೊಂದು ಮತವನ್ನು ಕೊಳ್ಳುವುದಿಲ್ಲ. ಅಕ್ಷರ ಬಾರದ ಮುದುಕಿಯೊಬ್ಬಳು ಯಾರ ನೆರವೂ ಬೇಡದೆ ಮತ ಹಾಕಿ ಹೊರಬರುತ್ತಾಳೆ. ಅಲ್ಲಿ ಅವಳಿಗೆ ಸ್ಫೂರ್ತಿಯ ಭಾಷಣ ಬೇಕಿರಲಿಲ್ಲ. ಹೊರನಾಡಿನಲ್ಲಿ ಕೂತು ನಾವು ಕನ್ನಡ ಟೈಪಿಸುವುದೂ ಬಹುಮಟ್ಟಿಗೆ ಕೆ. ಪಿ. ರಾವ್ ಅವರು ಕೀಲಿಮಣೆಯ ವಿನ್ಯಾಸವನ್ನು ಕುರಿತು ತಲೆಕೆಡಿಸಿಕೊಂಡದ್ದರ ಫಲ.

ಈಗ ನಮ್ಮ ಕೌಂಟರಿಗೆ ಬನ್ನಿ. ಅರ್ಜಿಯಲ್ಲಿ 'ಉಪನಾಮ' ಎಂಬ ಕಡ್ಡಾಯ ಕಾಲಂ ಇದೆ. ಇನಿಷಿಯಲ್ಲಿನಲ್ಲೇ ಬಾಳಿದ ಮಲಯಾಳಿಗೂ ಕನ್ನಡಿಗನಿಗೂ ಉಪನಾಮವೆಲ್ಲಿಂದ ಬರಬೇಕು? ಕಳೆದ ತಿಂಗಳು ವೃದ್ಧರೊಬ್ಬರು ಆ ಕಾಲಮ್ಮಿನಲ್ಲಿ ಮೊದಲು ಮನೆಹೆಸರನ್ನೂ ಆಮೇಲೆ ತಂದೆಯ ಹೆಸರನ್ನೂ ಬರೆದು ಎರಡು ಸಲ ಹಿಂದಿರುಗಿದರು. ಮೂರನೆಯ ಸಲ ಬಂದಾಗ ಕೈ ನಡುಗುತ್ತಿತ್ತು. "ತಪ್ಪು ನನ್ನದೇ ಇರಬೇಕು" ಎಂದರು. ಅವರನ್ನು ಹಿಂದಕ್ಕೆ ಕಳಿಸಿದವರಲ್ಲಿ ನಾನೂ ಒಬ್ಬ.

ಪಟ್ಟಿಯಿಂದ ಹೊಡೆದುಹಾಕಿದ ಎರಡರಲ್ಲೊಂದು ಡೊನಾಲ್ಡ್ ನಾರ್ಮನ್ ಅವರ 'ದ ಡಿಸೈನ್ ಆಫ್ ಎವ್ರಿಡೇ ಥಿಂಗ್ಸ್'. 1988ರಲ್ಲಿ ಬೇರೊಂದು ಹೆಸರಿನಿಂದ ಬಂದ ಆ ಪುಸ್ತಕದ ತಿರುಳು ಇಷ್ಟೆ: ಬಾಗಿಲನ್ನು ತಳ್ಳಬೇಕೋ ಎಳೆಯಬೇಕೋ ತಿಳಿಯದೆ ನಿಂತವನು ದಡ್ಡನಲ್ಲ, ದೋಷ ಬಾಗಿಲಿನದು. ಸರಕಾರಿ ನೌಕರರಾದ ನಾವು ನಾಯಕರಾಗುವುದು ಅಪರೂಪ, ಆದರೆ ಅರ್ಜಿ, ಸಾಲು, ಫಲಕ, ಕೌಂಟರುಗಳೆಂಬ ಬಾಗಿಲುಗಳನ್ನು ದಿನವೂ ಮಾಡಿಡುತ್ತೇವೆ. ಆ ವೃದ್ಧರು ತಮ್ಮ ಮೇಲೆ ಹೊತ್ತುಕೊಂಡ ತಪ್ಪು ನಮ್ಮದು.

ಕಡತದಲ್ಲಿ ಭಿನ್ನಾಭಿಪ್ರಾಯ ಬರೆದೆ. 'ಗಮನಿಸಲಾಗಿದೆ' ಎಂಬ ಷರಾ ಬಿತ್ತು. ಪುಸ್ತಕವನ್ನು ಕೈಯಿಂದ ಕೊಂಡು ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ಅದರ ಜೊತೆಗೆ ಉಪನಾಮದ ಕಾಲಂ ಕಡ್ಡಾಯವಾಗಬಾರದೆಂಬ ಪ್ರಸ್ತಾವವನ್ನೂ ಮೇಲಕ್ಕೆ ಕಳಿಸಿದ್ದೇನೆ. ಇಪ್ಪತ್ತೆರಡು ಪುಸ್ತಕಗಳನ್ನೋದಿದ ಮೇಲಧಿಕಾರಿಗಳು ನಾಯಕರೇ ಆಗಿದ್ದರೆ, ಆ ಹಾಳೆಗೊಂದು ರುಜು ಹಾಕಲಿ.