ನಂಬಿಕೆಯೂ ಇರಲಿ, ನಿಯಮವೂ ಇರಲಿ

ಬೇಸಿಗೆ ರಜೆ ಬಂತೆಂದರೆ ಊರೂರುಗಳಲ್ಲಿ ಮಕ್ಕಳ ಶಿಬಿರಗಳು ಆರಂಭವಾಗುತ್ತವೆ. ಇವುಗಳಲ್ಲಿ ಎಷ್ಟೋ ಶಿಬಿರಗಳು ಸಂಬಳವಿಲ್ಲದೆ, ಅಕ್ಕರೆಯಿಂದ ದುಡಿಯುವ ಸ್ವಯಂಸೇವಕರಿಂದಲೇ ನಡೆಯುತ್ತವೆ. ಸ್ಕೌಟ್ ಮಾಸ್ತರನಾಗಿ ಹಲವು ವರ್ಷ ಮಕ್ಕಳೊಡನೆ ಶಿಬಿರಾಗ್ನಿಯ ಸುತ್ತ ಕುಳಿತ ನನಗೆ ಆ ಸೇವೆಯ ಬಗ್ಗೆ ಅಪಾರ ಗೌರವವಿದೆ. ಆ ಗೌರವದಿಂದಲೇ ಒಂದು ಮಾತು ಹೇಳಬಯಸುತ್ತೇನೆ: "ಅವರು ಬಹಳ ಒಳ್ಳೆಯವರು" ಎಂಬುದೊಂದೇ ಮಕ್ಕಳ ಸುರಕ್ಷತೆಗೆ ಸಾಲದು.

ಅಮೆರಿಕದ ಬಾಯ್ ಸ್ಕೌಟ್ಸ್ ಸಂಸ್ಥೆಯ ಕಥೆ ನಮಗೆಲ್ಲ ಪಾಠವಾಗಬೇಕು. ಸಂಶಯಕ್ಕೆ ಒಳಗಾದ ಸ್ವಯಂಸೇವಕರ ಕಡತಗಳನ್ನು ಆ ಸಂಸ್ಥೆ ದಶಕಗಳ ಕಾಲ ಗುಟ್ಟಾಗಿ ಇರಿಸಿಕೊಂಡಿತ್ತು. ಎಷ್ಟೋ ಪ್ರಕರಣಗಳು ಪೊಲೀಸರವರೆಗೆ ಹೋಗಲೇ ಇಲ್ಲ. ಕೊನೆಗೆ 2020ರಲ್ಲಿ ಸಂಸ್ಥೆ ದಿವಾಳಿ ಅರ್ಜಿ ಸಲ್ಲಿಸಿತು. ಬಾಲ್ಯದಲ್ಲಿ ತಮ್ಮ ಮೇಲೆ ಲೈಂಗಿಕ ದೌರ್ಜನ್ಯ ನಡೆಯಿತೆಂದು ಪರಿಹಾರ ಕೋರಿ ಮುಂದೆ ಬಂದವರು 82,000ಕ್ಕೂ ಹೆಚ್ಚು ಮಂದಿ. ಸಂಸ್ಥೆಯ ಹೆಸರು ಕೆಡಬಾರದೆಂದು ಮುಚ್ಚಿಟ್ಟದ್ದು ಕಡೆಗೆ ಹೆಸರನ್ನೂ ಉಳಿಸಲಿಲ್ಲ, ಮಕ್ಕಳನ್ನೂ ಉಳಿಸಲಿಲ್ಲ.

ನಮ್ಮಲ್ಲಿ ಪೋಕ್ಸೊ ಕಾಯಿದೆ 2012ರ ನವೆಂಬರ್ 14ರಂದು ಜಾರಿಗೆ ಬಂತು. ಇಂತಹ ಅಪರಾಧ ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಸದುದ್ದೇಶದಿಂದ ತಿಳಿಸಿದವರಿಗೆ ಕಾನೂನಿನ ರಕ್ಷಣೆಯಿದೆ. ತನ್ನ ಕೈಕೆಳಗಿನವರ ಅಪರಾಧವನ್ನು ಮುಚ್ಚಿಡುವ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಸೆರೆವಾಸವಾಗಬಹುದು. "ನಮ್ಮೊಳಗೇ ಬಗೆಹರಿಸಿಕೊಳ್ಳೋಣ" ಎನ್ನುವ ಹಿರಿಯರು ಇದನ್ನು ಮರೆಯಬಾರದು.

ಆದರೆ ಕಾನೂನು ಬರುವುದು ಅನಾಹುತದ ನಂತರ. ಮೊದಲೇ ಬೇಕಾದವು ಕೆಲವು ಸರಳ ನಿಯಮಗಳು. ಯಾವ ಹಿರಿಯರೂ ಒಂದು ಮಗುವಿನೊಡನೆ ಇತರರ ಕಣ್ಣಿಗೆ ಬೀಳದೆಡೆ ಒಂಟಿಯಾಗಿರಬಾರದು. ಪ್ರವಾಸಕ್ಕೂ ಶಿಬಿರಕ್ಕೂ ಕನಿಷ್ಠ ಇಬ್ಬರು ಹಿರಿಯರಿರಬೇಕು. ಮಲಗುವ ವ್ಯವಸ್ಥೆ ಬೇರೆಬೇರೆಯಾಗಿರಬೇಕು. ಹೊಸ ಸ್ವಯಂಸೇವಕರ ಬಗ್ಗೆ ಅವರು ಹಿಂದೆ ದುಡಿದ ಕಡೆ ವಿಚಾರಿಸಬೇಕು. ತೊಂದರೆಯಾದರೆ ಯಾರಿಗೆ ಹೇಳಬೇಕೆಂಬುದೂ, ಮಕ್ಕಳ ಸಹಾಯವಾಣಿ 1098 ಎಂಬುದೂ ಪ್ರತಿ ಮಗುವಿಗೆ ಬಾಯಿಪಾಠವಾಗಿರಬೇಕು.

"ಹಾಗಾದರೆ ನಮ್ಮ ಮೇಲೆ ನಂಬಿಕೆಯಿಲ್ಲವೇ?" ಎಂದು ಕೆಲವರು ನೊಂದುಕೊಳ್ಳುವುದುಂಟು. ಸಂಘದ ಖಜಾಂಚಿ ಎಷ್ಟೇ ಪ್ರಾಮಾಣಿಕನಾದರೂ ವರ್ಷವರ್ಷವೂ ಲೆಕ್ಕಪರಿಶೋಧನೆ ಮಾಡಿಸುತ್ತೇವಲ್ಲ! ಅವನೇನೂ ಮುನಿಸಿಕೊಳ್ಳುವುದಿಲ್ಲ, ಲೆಕ್ಕ ಸರಿಯಿದ್ದರೆ ಅವನ ಗೌರವ ಹೆಚ್ಚುತ್ತದೆ. ಹಣಕ್ಕೆ ತೋರುವ ಎಚ್ಚರವನ್ನು ಮಕ್ಕಳಿಗೆ ತೋರಬಾರದೇ?

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಈಗ ತಂದೆತಾಯಿಗಳು; ಕೆಲವರು ಇಂತಹ ಸಂಘಗಳನ್ನು ನಡೆಸುತ್ತಲೂ ಇದ್ದೀರಿ. ಮಗುವನ್ನು ಸೇರಿಸುವ ದಿನವೇ ಈ ನಿಯಮಗಳ ಬಗ್ಗೆ ಕೇಳಿರಿ. ನಡೆಸುವವರಾದರೆ ಕೇಳುವ ಮೊದಲೇ ಹೇಳಿರಿ. ಪ್ರಶ್ನೆ ಕೇಳಿದ್ದಕ್ಕೆ ಸಿಟ್ಟಾಗುವ ಸಂಘಕ್ಕೆ ಮಗುವನ್ನು ಕಳುಹಿಸದಿರುವುದೇ ಮೇಲು.