ವನಗೂರಿನ ಒಂದು ಸುತ್ತು

ಹೋದ ತಿಂಗಳು ಮೂರು ದಿನ ರಜೆ ಸಿಕ್ತು ಅಂತ ವನಗೂರಿಗೆ ಹೋಗಿದ್ದೆ. ಸಕಲೇಶಪುರದಿಂದ ಹೆತ್ತೂರು ದಾಟಿ ಬಿಸಿಲೆ ಘಾಟಿ ಕಡೆ ಹೋದವರಿಗೆ ಅಲ್ಲಿನ ಕೂಡುರಸ್ತೆ ನೆನಪಿರುತ್ತೆ. ಅಲ್ಲಿಂದ ಸ್ವಲ್ಪ ಒಳಗೆ ನಮ್ಮ ಅಜ್ಜಿ ಮನೆ. ಚಿಕ್ಕವನಿದ್ದಾಗ ಬೇಸಿಗೆ ರಜೆಯಲ್ಲಿ ನಮಗೊಂದು 'ಸುತ್ತು' ಇತ್ತು. ಗದ್ದೆ ಬದು ಹಿಡಿದು, ಹಳ್ಳ ದಾಟಿ, ಕಾಫಿ ತೋಟದೊಳಗೆ ನುಗ್ಗಿ, ಅಜ್ಜಿಯ ತಂಗಿ ಮನೆಯಲ್ಲಿ ಮಜ್ಜಿಗೆ ಕುಡಿದು, ದೇವರಕಾಡಿನ ಪಕ್ಕದ ಬೇರೆ ದಾರಿಯಲ್ಲಿ ವಾಪಸು. ಹೋದ ದಾರಿಯಲ್ಲೇ ಬಂದರೆ ಅದು ಸುತ್ತೇ ಅಲ್ಲ!

ಈ ಸಲ ಹೊರಟರೆ ತೋಟದ ಬಾಯಲ್ಲೇ ತಡೆ. ಮೊದಲು ಉಣುಗೋಲು ಇದ್ದ ಜಾಗದಲ್ಲಿ ಕಬ್ಬಿಣದ ಗೇಟು, ಅದಕ್ಕೊಂದು ಬೀಗ. "ಮುಚ್ಚಿ ನಾಲ್ಕು ವರ್ಷ ಆಯ್ತಲ್ಲ ಮಗ" ಅಂದರು ಅಜ್ಜಿ. ಇಪ್ಪತ್ತು ನಿಮಿಷದ ದಾರಿ ಅದು. ಈಗ ತಂಗಿ ಮನೆಗೆ ಹೋಗಬೇಕಾದರೆ ಟಾರು ರಸ್ತೆಗೆ ಬಂದು, ಆಟೊ ಹಿಡಿದು, ಸುತ್ತಿ ಬಳಸಿ... ಎಂಬತ್ತು ದಾಟಿದವರು ಎಲ್ಲಿ ಹೋಗ್ತಾರೆ? ಅಕ್ಕ ತಂಗಿ ಈಗ ಫೋನಿನಲ್ಲೇ ಮಾತಾಡ್ಕೊತಾರೆ.

ಆಗ ನೆನಪಾಗಿದ್ದು ಇಂಗ್ಲೆಂಡು. ಕಂಪನಿ ಕೆಲಸದ ಮೇಲೆ ಆರು ತಿಂಗಳು ಅಲ್ಲಿದ್ದಾಗ ಒಂದು ಭಾನುವಾರ ಬಕಿಂಗ್‌ಹ್ಯಾಮ್‌ಶೈರಿನ ವೆಸ್ಟ್ ವಿಕಂಬ್ ಅನ್ನೋ ಹಳ್ಳಿಯಿಂದ ಹೊರಟು, ಬ್ರಾಡನ್‌ಹ್ಯಾಮ್ ಹಳ್ಳಿ ದಾಟಿ, ಪ್ರಧಾನಿ ಆಗಿದ್ದ ಡಿಸ್ರೇಲಿಯ ಹ್ಯೂಎಂಡನ್ ಬಂಗಲೆಯ ಉದ್ಯಾನವನ ಬಳಸಿ ಮತ್ತೆ ಹೊರಟಲ್ಲಿಗೇ ಬಂದಿದ್ದೆ. ದಾರಿಯುದ್ದಕ್ಕೂ ಯಾರದೋ ಹೊಲ, ಯಾರದೋ ಹುಲ್ಲುಗಾವಲು. ಆದರೆ ಬೇಲಿ ಬಂದಲ್ಲೆಲ್ಲ ದಾಟೋಕೆ ನಮ್ಮ ತಡಮೆಯಂಥದ್ದೇ ಒಂದು ಮೆಟ್ಟಿಲು, ಕಂಬದ ಮೇಲೆ ಹಳದಿ ಬಾಣ. ಯಾರೂ "ಯಾರ್ರೀ ನೀವು" ಅನ್ನಲಿಲ್ಲ.

ಇದು ಧಣಿಗಳ ಔದಾರ್ಯ ಅಂದುಕೊಳ್ಳಬೇಡಿ. 1932ರಲ್ಲಿ ಕಿಂಡರ್ ಸ್ಕೌಟ್ ಗುಡ್ಡಕ್ಕೆ ನೂರಾರು ಜನ ಬೇಕಂತಲೇ ಅತಿಕ್ರಮವಾಗಿ ನುಗ್ಗಿದರು, ಐದು ಜನ ಜೈಲಿಗೂ ಹೋದರು. 1949ರ ಕಾಯ್ದೆ ಬಂದಮೇಲೆ ಕಾಲುದಾರಿಗಳನ್ನೆಲ್ಲ ಅಧಿಕೃತ ನಕ್ಷೆಗೆ ಏರಿಸೋದು ಸ್ಥಳೀಯ ಆಡಳಿತದ ಕೆಲಸವಾಯ್ತು.

ಮಜಾ ಏನಂದ್ರೆ, ನಮ್ಮಲ್ಲೂ ಎಲ್ಲಾ ಇದೆ! ಕಂದಾಯ ಇಲಾಖೆಯ ಗ್ರಾಮ ನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ತುಂಡು ಗೆರೆಗಳಲ್ಲಿ ಗುರುತಿಸಿದ್ದಾರೆ. ಅದಕ್ಕೆ 'ನಕಾಶೆ ಕಂಡ ದಾರಿ' ಅಂತ ಚಂದದ ಹೆಸರೂ ಇದೆ. 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ 20 ವರ್ಷ ಬಹಿರಂಗವಾಗಿ, ಅಡ್ಡಿಯಿಲ್ಲದೆ, ಹಕ್ಕು ಅಂತಲೇ ಬಳಸಿದ ಜಮೀನಿನ ದಾರಿಗೆ ರಕ್ಷಣೆ ಇದೆ. ಮುಚ್ಚಿದ ದಾರಿಗಳನ್ನು ತೆರವು ಮಾಡಿಸಿ ಅಂತ 2023ರಲ್ಲಿ ತಹಶೀಲ್ದಾರರಿಗೆ ಸುತ್ತೋಲೆಯೂ ಹೋಗಿದೆ. ಇಲ್ಲದಿರೋದು ನಡೆಯೋ ಜನ.

ನಾವು ನಡೆಯೋದಾದರೂ ಎಲ್ಲಿ? ಎಡಕುಮೇರಿಯ ರೈಲು ಹಳಿ ಮೇಲೆ ನಡೆದ ಕಥೆ ನಮ್ಮಲ್ಲಿ ಬರೆಯದವರೇ ಕಡಿಮೆ. ಹಳಿ ಬದಲಾಗಿ 2006ರಲ್ಲಿ ಗೂಡ್ಸ್, 2007ರಲ್ಲಿ ಪ್ಯಾಸೆಂಜರ್ ರೈಲು ಶುರುವಾಯ್ತು. ಈಗ ಅಲ್ಲಿ ನಡೆಯೋದು ನಿಷಿದ್ಧ, ಸರಿಯೂ ಹೌದು. ಇನ್ನು ಪಟ್ಲ ಬೆಟ್ಟ ಅಂದರೆ ಜೀಪು, ಬಿಸಿಲೆ ಅಂದರೆ ವ್ಯೂ ಪಾಯಿಂಟು. ಫೋಟೊ ತೆಗೆದು ಹೋದ ದಾರಿಯಲ್ಲೇ ವಾಪಸು. ನಡುವಿನ ಊರುಗಳು ಕಾರಿನ ಕಿಟಕಿಯಲ್ಲಿ ಓಡಿ ಹೋಗ್ತವೆ.

ತೋಟದವರ ಕಷ್ಟವೂ ನನಗೆ ಗೊತ್ತು. ಕಾಫಿ ಕಳ್ಳತನ, ಪ್ರವಾಸಿಗಳು ಎಸೆಯೋ ಬಾಟಲಿ, ಎಲ್ಲಕ್ಕಿಂತ ಹೆಚ್ಚಾಗಿ ಆನೆ. ಸಕಲೇಶಪುರ, ಆಲೂರಿನ ಕಡೆ ಆನೆಗೆ ಹೆದರಿ ಬೇಲಿ ಹಾಕಿದವರನ್ನು ಬೈಯೋದು ಬೆಂಗಳೂರಿನಲ್ಲಿ ಕೂತವನಿಗೆ ಸುಲಭ. ಆದರೆ ತಂತಿಬೇಲಿ ಇರಲಿ, ದಾರಿ ಇದ್ದಲ್ಲಿ ಮನುಷ್ಯ ದಾಟೋಕೆ ಒಂದು ತಡಮೆ ಬಿಟ್ಟರೆ ಏನು ನಷ್ಟ? ನಡೆಯುವವನಿಗೂ ನಿಯಮ ಇರಲಿ. ದಾರಿ ಬಿಟ್ಟು ಕಾಲಿಡಬಾರದು, ಹಣ್ಣು ಮುಟ್ಟಬಾರದು, ಕತ್ತಲಲ್ಲಿ ಓಡಾಡಬಾರದು, ಆನೆ ಸುದ್ದಿ ಊರವರನ್ನು ಕೇಳಿಯೇ ಹೊರಡಬೇಕು.

ನಾನಂತೂ ವನಗೂರಿನ ಗ್ರಾಮ ನಕಾಶೆ ಇಳಿಸಿಕೊಂಡಿದ್ದೇನೆ. ನಮ್ಮ ಸುತ್ತಿನ ಗೆರೆ ಅದರಲ್ಲಿ ಇದ್ದರೆ ಮೊದಲು ತೋಟದವರ ಹತ್ತಿರ ಹೋಗಿ ಮಾತಾಡೋದು, ಅರ್ಜಿ ಆಮೇಲೆ. ನೀವೂ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಹಿರಿಯರನ್ನು ಕರ್ಕೊಂಡು ಹಳೇ ದಾರಿಯಲ್ಲಿ ಒಮ್ಮೆ ನಡೆದು ಬನ್ನಿ. ಅವರು ಹೋದಮೇಲೆ ಅಲ್ಲೊಂದು ದಾರಿ ಇತ್ತು ಅಂತ ಹೇಳೋರು ಯಾರು?

ನಿಮ್ಮೂರಿನ ಸುತ್ತು ಯಾವುದು? ಇನ್ನೂ ತೆರೆದಿದೆಯಾ?