ಬೆವರಿನ ಲೆಕ್ಕ

ಬೆಳಗ್ಗೆ ಆರಕ್ಕೆ ಫೈವ್ ಗಾರ್ಡನ್ಸ್ ಸುತ್ತ ನಡೆಯುವವರನ್ನು ನೋಡಿದರೆ ಎರಡು ಪಂಗಡ ಕಾಣುತ್ತದೆ. ನನ್ನ ವಯಸ್ಸಿನವರು ಹಳೇ ಹತ್ತಿ ಟೀಶರ್ಟು, ಸಡಿಲ ಪೈಜಾಮ. ಹುಡುಗರು ಮೈಗಂಟುವ, ಹೊಳೆಯುವ ‘ಡ್ರೈ ಫಿಟ್’. ಹತ್ತಿಯವರು "ಪ್ಲಾಸ್ಟಿಕ್ ಹಾಕ್ಕೊಂಡು ಓಡ್ತಾವೆ" ಎಂದು ಹುಡುಗರನ್ನು ನಗುತ್ತಾರೆ, ಹುಡುಗರು ಅಂಕಲ್‌ಗಳ ಬೆನ್ನಿಗಂಟಿದ ಒದ್ದೆ ಅಂಗಿ ನೋಡಿ ನಗುತ್ತಾರೆ. ನನ್ನ ಪ್ರಕಾರ ಇಬ್ಬರದ್ದೂ ಅರ್ಧ ಸರಿ.

ಹತ್ತಿ ನೀರು ಕುಡಿಯುವ ನಾರು. ಮಾಮೂಲಿ ಹವೆಯಲ್ಲೇ ತನ್ನ ತೂಕದ ಶೇಕಡ 8ರಷ್ಟು ತೇವ ಹಿಡಿದಿಟ್ಟುಕೊಂಡಿರುತ್ತದೆ. ಪಾಲಿಯೆಸ್ಟರ್ ಹಿಡಿಯುವುದು ಶೇಕಡ ಅರ್ಧಕ್ಕಿಂತ ಕಡಿಮೆ. ನೈಲಾನ್ ನಡುವೆ, ಶೇಕಡ 4ರ ಆಸುಪಾಸು. ಹಾಗಾಗಿ ಬೆವರಿದಾಗ ಹತ್ತಿ ಅಂಗಿ ಬೆವರನ್ನೆಲ್ಲ ಕುಡಿದು ಭಾರವಾಗಿ ಮೈಗೆ ಅಂಟುತ್ತದೆ. ಪಾಲಿಯೆಸ್ಟರ್ ನಾರು ಕುಡಿಯುವುದಿಲ್ಲ. ಎಳೆಗಳ ನಡುವಿನ ಸಣ್ಣ ಸಂದುಗಳಲ್ಲಿ ಬೆವರು ಹರಿದು ಬಟ್ಟೆಯ ಹೊರಮೈಗೆ ಹರಡುತ್ತದೆ, ಅಲ್ಲಿಂದ ಆರುತ್ತದೆ. ದೀಪದ ಬತ್ತಿಯಲ್ಲಿ ಎಣ್ಣೆ ಮೇಲೇರುವ ಹಾಗೆ. ‘ಡ್ರೈ ಫಿಟ್’ನ ಗುಟ್ಟು ಇಷ್ಟೇ.

ಆದರೆ ‘ಅಲ್ಲಿಂದ ಆರುತ್ತದೆ’ ಅನ್ನುವ ಮಾತಿದೆಯಲ್ಲ, ಮುಂಬೈಯಲ್ಲಿ ಅದೇ ತಕರಾರು. ಮೈ ತಂಪಾಗುವುದು ಬೆವರು ಆವಿಯಾದರೆ, ಸುಮ್ಮನೆ ಹರಿದರೆ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಿನ ಹವೆಯ ತೇವ ಶೇಕಡ 80 ದಾಟಿಯೇ ಇರುತ್ತದೆ. ಗಾಳಿಯೇ ಒದ್ದೆಯಾಗಿರುವಾಗ ಎರಡೂವರೆ ಸಾವಿರದ ಟೀಶರ್ಟು ಬೆವರನ್ನು ಎಲ್ಲಿಗೆ ಕಳಿಸೀತು? ಜಾಹೀರಾತಿನವರು ಒಣ ಹವೆಯ ಊರುಗಳ ಓಟಗಾರರನ್ನು ತೋರಿಸಿ ವಡಾಲದವನಿಗೆ ಮಾರುತ್ತಾರೆ. ಬಳ್ಳಾರಿ, ರಾಯಚೂರಿನ ಬೇಸಿಗೆಯಲ್ಲಾದರೆ ಹತ್ತಿಯೂ ಬೇಗ ಆರುತ್ತದೆ ಬಿಡಿ.

ಹಾಗಾದರೆ ಇಲ್ಲಿ ನೋಡಬೇಕಾದದ್ದು ನಾರಿಗಿಂತ ಹೆಚ್ಚಾಗಿ ಹೆಣಿಗೆ ಮತ್ತು ಸಡಿಲು. ಗಾಳಿ ಒಳಗೆ ಓಡಾಡಬೇಕು. ನಮ್ಮ ಅಪ್ಪಂದಿರ ತೂತು ಬನಿಯನ್ ನೆನಪಿದೆಯೆ? ಉಡುಪಿ ಹೋಟೆಲಿನ ಒಲೆಯ ಮುಂದೆ ನಿಂತು ದೋಸೆ ಹುಯ್ದವರು ಅದನ್ನು ಹಾಕಿದ್ದು ಫ್ಯಾಷನ್ನಿಗಲ್ಲ. ಈಗ ಅದೇ ತೂತಿಗೆ ‘ಮೆಶ್’ ಎಂದು ಹೆಸರಿಟ್ಟು ಬೆನ್ನಿನ ಮೇಲೂ ಕಂಕುಳಲ್ಲೂ ಹೊಲಿದು ಕೊಡುತ್ತಾರೆ. ಕೊಳ್ಳುವಾಗ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಬಾಯಿಂದ ಊದಿ ನೋಡಿ. ಉಸಿರು ಆಚೆ ಹೋಗದಿದ್ದರೆ ಮಳೆಗಾಲಕ್ಕೆ ಅದು ಬೇಡ. ಅಂಗಡಿಯ ಹುಡುಗ ವಿಚಿತ್ರವಾಗಿ ನೋಡುತ್ತಾನೆ, ನೋಡಲಿ.

ನಿಜವಾದ ಅಪಾಯ ಇರುವುದು ವ್ಯಾಯಾಮದ ಸಮಯದಲ್ಲಲ್ಲ, ಆಮೇಲೆ. ಜಿಮ್ಮಿನಿಂದ ಹೊರಟು ಅದೇ ಒದ್ದೆ ಬಿಗಿ ಪ್ಯಾಂಟಿನಲ್ಲಿ ಹಾರ್ಬರ್ ಲೈನಿನ ಗಾಡಿ ಹತ್ತುವ ಹುಡುಗರಿದ್ದಾರಲ್ಲ, ಅವರ ತೊಡೆಸಂದಿನಲ್ಲಿ, ಸೊಂಟದ ಪಟ್ಟಿಯ ಕೆಳಗೆ ಹುಳುಕಡ್ಡಿ ಶುರುವಾಗುತ್ತದೆ. ನಾಚಿಕೆಯಿಂದ ಮನೆಯಲ್ಲಿ ಹೇಳುವುದಿಲ್ಲ, ಮೆಡಿಕಲ್ ಅಂಗಡಿಯಲ್ಲಿ ಕೇಳಿ ಒಂದು ಟ್ಯೂಬ್ ತಂದು ಹಚ್ಚುತ್ತಾರೆ. ಎಷ್ಟೋ ಮುಲಾಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಎರಡು ದಿನ ತುರಿಕೆ ನಿಂತು, ಆಮೇಲೆ ಮೊದಲಿಗಿಂತ ಹೆಚ್ಚಾಗಿ ಹರಡುತ್ತದೆ. ಹಟ ಹಿಡಿದ ಹುಳುಕಡ್ಡಿ ದೇಶದ ತುಂಬ ಹೆಚ್ಚಾಗಲು ಇದೂ ಒಂದು ಕಾರಣವೆಂದು ಚರ್ಮವೈದ್ಯರು ವರ್ಷಗಳಿಂದ ಹೇಳುತ್ತಿದ್ದಾರೆ. ಊರಿನಿಂದ ಬಂದು ಒಂದು ಖೋಲಿಯಲ್ಲಿ ಆರು ಮಂದಿ ಇರುವ ನಮ್ಮ ಹುಡುಗರಿಗೆ ಇದನ್ನು ಹೇಳುವವರಿಲ್ಲ. ಒಂದೇ ಹಗ್ಗದ ಮೇಲೆ ಎಲ್ಲರ ಟವಲು! ಬಂದರೆ ಡಾಕ್ಟರರಿಗೆ ತೋರಿಸಿ, ಟವಲು ಬೇರೆ ಇಡಿ, ವ್ಯಾಯಾಮ ಮುಗಿದ ತಕ್ಷಣ ಒಣಬಟ್ಟೆಗೆ ಬದಲಾಯಿಸಿ.

ವಾಸನೆಯ ವಿಷಯಕ್ಕೆ ಹತ್ತಿಯೇ ಮೇಲು. 2014ರಲ್ಲಿ ಬೆಲ್ಜಿಯಂನ ಘೆಂಟ್‌ನ ಸಂಶೋಧಕರು ವ್ಯಾಯಾಮ ಮಾಡಿದವರ ಟೀಶರ್ಟುಗಳನ್ನು ಒಂದು ದಿನಕ್ಕೂ ಹೆಚ್ಚು ಹೊತ್ತು ಇಟ್ಟು ಪರೀಕ್ಷಿಸಿದಾಗ ಪಾಲಿಯೆಸ್ಟರಿನವು ಹತ್ತಿಯವಕ್ಕಿಂತ ಹೆಚ್ಚು ನಾತ ಹೊಡೆದವು, ನಾತಕ್ಕೆ ಕಾರಣವಾಗುವ ಒಂದು ಜಾತಿಯ ಬ್ಯಾಕ್ಟೀರಿಯ ಅದರ ಮೇಲೆ ಚೆನ್ನಾಗಿ ಬೆಳೆದಿತ್ತು. ಆದ್ದರಿಂದ ಬೆವರಿದ ಬಟ್ಟೆಯನ್ನು ಬ್ಯಾಗಿನಲ್ಲೇ ಮರೆಯುವಂತಿಲ್ಲ. ಒಗೆಯುವಾಗ ಬಟ್ಟೆ ಮೆದುವಾಗಲೆಂದು ಕೊನೆಯ ನೀರಿಗೆ ಹಾಕುವ ಘಮಘಮ ದ್ರವವೂ ಇದಕ್ಕೆ ಬೇಡ, ಅದು ಎಳೆಯ ಮೇಲೆ ಪದರ ಕಟ್ಟಿ ಬೆವರು ಹರಿಯುವುದನ್ನೇ ತಡೆಯುತ್ತದೆ.

ಹೆಂಗಸರ ಕಷ್ಟ ಬೇರೆ. ಮನೆಯಲ್ಲುಟ್ಟ ಸಲ್ವಾರಿಗೇ ಬೂಟು ಸಿಕ್ಕಿಸಿ ಹೊರಡುತ್ತಾರೆ. ಮಕ್ಕಳ ಬೂಟಿಗೆ ನಾಲ್ಕು ಸಾವಿರ ಕೊಡುವ ಮನೆಯಲ್ಲಿ ಅಮ್ಮನ ನಡಿಗೆಗೆ ಒಂದು ಸರಿಯಾದ ಒಳ ಉಡುಪು ಕೊಳ್ಳುವ ಮಾತೇ ಬರುವುದಿಲ್ಲ. ದಯವಿಟ್ಟು ಮೊದಲ ಖರ್ಚು ಅಲ್ಲಿ ಮಾಡಿ. ಹತ್ತಿಗೆ ಸ್ವಲ್ಪ ಲೈಕ್ರಾ (1958ರಲ್ಲಿ ಡ್ಯೂಪಾಂಟ್ ಕಂಪನಿ ಕಂಡುಹಿಡಿದ ಎಳೆಯುವ ದಾರ) ಬೆರೆಸಿದ್ದು ಸಾಧಾರಣ ನಡಿಗೆಗೆ ಸಾಕು. ಜನವರಿಯ ಮುಂಬೈ ಮ್ಯಾರಥಾನ್‌ಗೆ, 2004ರಿಂದ ನಡೆಯುತ್ತಿದೆಯಲ್ಲ, ಅದಕ್ಕೆ ಅಭ್ಯಾಸ ಮಾಡುವವರ ಮಾತು ಬೇರೆ. ಗಂಟೆಗಟ್ಟಲೆ ಒದ್ದೆ ಹತ್ತಿ ಉಜ್ಜಿದರೆ ಚರ್ಮ ಕಿತ್ತುಬರುತ್ತದೆ. ಅವರಿಗೆ ಪಾಲಿಯೆಸ್ಟರೇ ಸರಿ, ಕಾಲುಚೀಲ ಸಹಿತ.

ಈ ಹತ್ತಿ-ಪಾಲಿಯೆಸ್ಟರ್ ಜಗಳ ನಡೆಯುತ್ತಿರುವ ಜಾಗವನ್ನೂ ಗಮನಿಸಿ. ಇಲ್ಲೇ ಪಕ್ಕದಲ್ಲಿ ಬಾಂಬೆ ಡೈಯಿಂಗ್‌ನ ಸ್ಪ್ರಿಂಗ್ ಮಿಲ್ ಇತ್ತು. 1982ರ ಜನವರಿಯಲ್ಲಿ ಶುರುವಾದ ಗಿರಣಿ ಮುಷ್ಕರಕ್ಕೆ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು, ಬಹಳ ಮಂದಿ ಮರಳಿ ಒಳಗೆ ಹೋಗಲೇ ಇಲ್ಲ. ಈಗ ಗಿರಣಿಯ ಜಾಗದಲ್ಲಿ ಗೋಪುರದಂಥ ಕಟ್ಟಡಗಳು. ನಮ್ಮ ದಾವಣಗೆರೆಯ ಗಿರಣಿಗಳದ್ದೂ ಹೆಚ್ಚುಕಡಿಮೆ ಇದೇ ಕಥೆ. ಬಟ್ಟೆ ನೇಯ್ದ ಊರಿನವರೇ ಈಗ ಬಟ್ಟೆ ಮುಟ್ಟಿ ನೋಡದೆ ಚಿಹ್ನೆ ನೋಡಿ ಕೊಳ್ಳುತ್ತೇವೆ.

ಬ್ಯಾಂಕಿನವನಾದ್ದರಿಂದ ಲೆಕ್ಕ ಹೇಳದೆ ಇರಲಾರೆ. ಎರಡೂವರೆ ಸಾವಿರದ ಒಂದು ಟೀಶರ್ಟಿನ ಬದಲು ತಿರುಪ್ಪೂರಿನಿಂದ ಬರುವ ಮುನ್ನೂರು ರೂಪಾಯಿಯ ಆಸುಪಾಸಿನವನ್ನು ನಾಲ್ಕು ತೆಗೆದುಕೊಳ್ಳಿ: ಎರಡು ತೆಳು ಹತ್ತಿ, ಎರಡು ತೂತಿನ ಪಾಲಿಯೆಸ್ಟರ್. ಮಳೆಗಾಲದಲ್ಲಿ ಎರಡು ದಿನವಾದರೂ ಆರದ ಹತ್ತಿಯನ್ನು ಹಾಕಿಕೊಳ್ಳುವ ಪ್ರಸಂಗ ಬರುವುದಿಲ್ಲ. ಉಳಿದ ಸಾವಿರದ ಮುನ್ನೂರಕ್ಕೆ ಒಳ ಉಡುಪು, ಕಾಲುಚೀಲ, ನಿಮ್ಮದೇ ಒಂದು ಟವಲು.